ಹತ್ತು ಸಾವಿರದ ಕೀಬೋರ್ಡು: ಒಂದು ವಿಮರ್ಶೆ

ಶಿಕಾರಿಪುರ, ಸೊರಬ ಸೀಮೆಯಲ್ಲಿ ‘ಕ್ಯಾಸಿಯೋ’ ಎಂಬುದು ಒಂದು ಕಂಪನಿಯ ಹೆಸರಾಗಿ ಉಳಿದಿಲ್ಲ. ಯಾರು ತಯಾರಿಸಿದ್ದೇ ಆಗಿರಲಿ, ವಿದ್ಯುತ್ತಿನಿಂದ ನುಡಿಯುವ ಕೀಬೋರ್ಡೆಲ್ಲವೂ ನಮ್ಮವರ ಬಾಯಲ್ಲಿ ಕ್ಯಾಸಿಯೋ. “ಮಗಳಿಗೆ ಒಂದು ಕ್ಯಾಸಿಯೋ ಕೊಡಿಸೋಣ ಅಂತಿದ್ದೇವೆ ಫಾದರ್, ಯಾವುದು ತಗೊಂಡರೆ ಒಳ್ಳೆಯದು?” ಎಂಬ ಪ್ರಶ್ನೆ ಬೇಸಿಗೆ ರಜೆ ಸಮೀಪಿಸಿದಾಗ ಒಮ್ಮೆ, ಕ್ರಿಸ್ಮಸ್ ಸಮೀಪಿಸಿದಾಗ ಮತ್ತೊಮ್ಮೆ ತಪ್ಪದೆ ಕೇಳಿಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: “ನಮ್ಮ ಗಾನವೃಂದಕ್ಕೂ ಅದೇ ಸಾಕಲ್ಲವೇ?” ಮೊದಲನೆಯದಕ್ಕೆ ಒಂದು ಉತ್ತರ, ಎರಡನೆಯದಕ್ಕೆ ಬೇರೊಂದು ಉತ್ತರ ಹೇಳಬೇಕಾಗುತ್ತದೆ. ಹಾಗೇಕೆ ಎಂಬುದನ್ನು ದೇವಾಲಯದ ಮೆಟ್ಟಿಲ ಮೇಲೆ ನಿಂತು ಎರಡು ಮಾತಿನಲ್ಲಿ ವಿವರಿಸಲಾಗದು. ಆದ್ದರಿಂದ ಈ ಬರಹ.

ಹತ್ತು ಸಾವಿರ ರೂಪಾಯಿಯ ಆಚೀಚೆ ಬೆಲೆಬಾಳುವ ಈ ವಾದ್ಯ ನಗರದ ಸಂಗೀತಗಾರನ ಕಣ್ಣಿಗೆ ಆಟಿಕೆಯಂತೆ ಕಾಣಬಹುದು. ಮೆಕ್ಕೆಜೋಳದ ಹಣ ಕೈಸೇರಿ, ಗೊಬ್ಬರದಂಗಡಿಯ ಬಾಕಿ ತೀರಿ, ಉಳಿದುದರಲ್ಲಿ ಮಗುವಿಗೆಂದು ಎತ್ತಿಟ್ಟ ಕುಟುಂಬಕ್ಕೆ ಅದು ಆಟಿಕೆಯಲ್ಲ. ಮೂವತ್ತು ನಲವತ್ತು ಮನೆಗಳ ಒಂದು ಧರ್ಮಕೇಂದ್ರಕ್ಕೂ ಅಲ್ಲ. ಹೀಗಿರುವಾಗ “ಅಗ್ಗದ ಮಾಲು, ಅಷ್ಟೇ” ಎಂದು ತಳ್ಳಿಹಾಕುವುದು ಕೊಂಡವರಿಗೆ ಮಾಡುವ ಅನ್ಯಾಯ. ಜಾಹೀರಾತಿನ ಮಾತನ್ನೇ ಮರುನುಡಿಯುವುದು ಕೊಳ್ಳಲಿರುವವರಿಗೆ ಮಾಡುವ ಅನ್ಯಾಯ. ವಾದ್ಯವೊಂದನ್ನು ಪುಸ್ತಕದಂತೆಯೇ ತೂಗಿ ನೋಡಬೇಕು: ಏನು ಹೇಳಬಲ್ಲದು, ಏನನ್ನು ಹೇಳಲಾರದು, ಯಾವ ಕಡೆ ನಮ್ಮನ್ನು ದಾರಿ ತಪ್ಪಿಸುತ್ತದೆ.

ಈ ಬೆಲೆಗೆ ಸಿಗುವುದೇನು? ನಮ್ಮ ಕಡೆಯ ಮನೆಗಳಲ್ಲಿ ಕಾಣಸಿಗುವ ಯಮಹಾ ಪಿಎಸ್‌ಆರ್-ಎಫ್51ರಲ್ಲಿ 61 ಕೀಗಳು, 120 ಬಗೆಯ ನಾದಗಳು, 114 ಬಗೆಯ ಸಿದ್ಧ ತಾಳಮೇಳಗಳು. ಅದೇ ಕಂಪನಿ 2020ರಲ್ಲಿ ಹೊರತಂದ ಪಿಎಸ್‌ಆರ್-ಇ273ರಲ್ಲಿ 401 ನಾದಗಳು, 143 ತಾಳಮೇಳಗಳು. 2019ರಲ್ಲಿ ಬಂದ ಕ್ಯಾಸಿಯೋ ಸಿಟಿ-ಎಸ್200ರಲ್ಲಿ 400 ನಾದಗಳು, 77 ತಾಳಗಳು. ಇವುಗಳಿಗಿಂತ ಕೆಳಗಿನ ಮೆಟ್ಟಿಲಲ್ಲಿ ಕ್ಯಾಸಿಯೋ ಎಸ್‌ಎ-46ರಂತಹ 32 ಪುಟ್ಟ ಕೀಗಳ ವಾದ್ಯಗಳಿವೆ. ಆ ಪುಟ್ಟ ಕೀಗಳ ಮೇಲೆ ಪಳಗಿದ ಬೆರಳು ದೊಡ್ಡ ಕೀಗಳಿಗೆ ಬಂದಾಗ ಅಳತೆ ತಪ್ಪುತ್ತದೆ. ಅಲ್ಲದೆ ಅಲ್ಲಿ ಒಟ್ಟಿಗೆ ನುಡಿಯಬಲ್ಲ ಸ್ವರಗಳು ಎಂಟೇ ಎಂಟು. ಐದು ವರ್ಷದ ಮಗುವಿನ ಕುತೂಹಲಕ್ಕೆ ಅದು ಸರಿ, ಕಲಿಕೆಗೆ ಅಲ್ಲ. ಆದ್ದರಿಂದ ಅದನ್ನು ಇಲ್ಲಿಗೇ ಬಿಟ್ಟು 61 ಕೀಗಳ ವಾದ್ಯವನ್ನಷ್ಟೇ ಪರಿಗಣಿಸೋಣ.

ನಾನೂರು ನಾದಗಳೆಂಬ ಸಂಖ್ಯೆಯನ್ನು ಅಂಗಡಿಯವರು ಬಹಳ ಹೆಮ್ಮೆಯಿಂದ ಹೇಳುತ್ತಾರೆ. ಅದಕ್ಕೆ ಮರುಳಾಗಬೇಡಿ. ಸಂತೆಯಲ್ಲಿ ಬಣ್ಣದ ಪುಡಿಯ ನಾನೂರು ಗುಡ್ಡೆಗಳಿದ್ದರೂ ಅಂಗಳದ ರಂಗೋಲಿಗೆ ಬೇಕಾಗುವುದು ನಾಲ್ಕೈದು. ಕೊಂಡ ಮೊದಲ ವಾರ ಮನೆಮಂದಿಯೆಲ್ಲ ಒಂದೊಂದೇ ನಾದವನ್ನು ಒತ್ತಿ ನೋಡಿ ನಗುತ್ತಾರೆ. ಆರು ತಿಂಗಳ ಬಳಿಕ ಬಳಕೆಯಲ್ಲಿ ಉಳಿಯುವುದು ಪಿಯಾನೋ, ಆರ್ಗನ್, ಪಿಟೀಲುಗಳ ಮೇಳ, ಕೊಳಲು, ಹೆಚ್ಚೆಂದರೆ ಮತ್ತೊಂದು. ಈ ಐದು ಹೇಗಿವೆ ಎಂಬುದೇ ನಿಜವಾದ ಪ್ರಶ್ನೆ.

ಅದಕ್ಕೆ ಉತ್ತರ ಬೇಕಾದರೆ ಕೀಯ ಕೆಳಗೆ ಏನಿದೆ ಎಂದು ತಿಳಿಯಬೇಕು. ಪ್ರತಿಯೊಂದು ಕೀಯ ಅಡಿಯಲ್ಲಿ ರಬ್ಬರಿನ ಒಂದು ಸಣ್ಣ ಗುಬ್ಬಿ ಇರುತ್ತದೆ. ಅದರ ಒಳಮೈಗೆ ವಿದ್ಯುತ್ ಹರಿಸುವ ಇಂಗಾಲದ ಲೇಪ. ಕೀಯನ್ನು ಒತ್ತಿದಾಗ ಗುಬ್ಬಿ ಕುಸಿದು ಕೆಳಗಿನ ಹಲಗೆಯ ಮೇಲಿನ ತಂತುಗಳನ್ನು ಮುಟ್ಟಿ ಅವುಗಳನ್ನು ಜೋಡಿಸುತ್ತದೆ. ಸ್ವರ ಹೊರಡುತ್ತದೆ. ಕೈ ತೆಗೆದರೆ ಜೋಡಣೆ ತಪ್ಪುತ್ತದೆ, ಸ್ವರ ನಿಲ್ಲುತ್ತದೆ. ಮೇಲೆ ಹೇಳಿದ ಮೂರು ಮಾದರಿಗಳಲ್ಲಿಯೂ ವ್ಯವಸ್ಥೆ ಇಷ್ಟೇ, ತೋಟದ ಮೋಟಾರಿನ ಸ್ವಿಚ್ಚಿನಂತೆ. ಸ್ವಿಚ್ಚನ್ನು ಕೋಪದಿಂದ ಒತ್ತಿದರೆ ಮೋಟಾರು ಹೆಚ್ಚು ನೀರೆತ್ತುವುದಿಲ್ಲ. ಹಾಗೆಯೇ ಇಲ್ಲಿ ಬೆರಳು ಮೃದುವಾಗಿ ಒತ್ತಿತೋ ಬಿರುಸಾಗಿ ಒತ್ತಿತೋ ಎಂಬುದು ಯಂತ್ರಕ್ಕೆ ತಿಳಿಯದು. ಇನ್ನೂ ಸ್ವಲ್ಪ ಬೆಲೆಯ ಮಾದರಿಗಳಲ್ಲಿ ಒಂದೊಂದು ಕೀಗೆ ಎರಡೆರಡು ಸಂಪರ್ಕಗಳಿರುತ್ತವೆ. ಮೊದಲನೆಯದು ಮುಟ್ಟಿದ ಮೇಲೆ ಎರಡನೆಯದು ಮುಟ್ಟಲು ಹಿಡಿದ ಕಾಲವನ್ನು ಯಂತ್ರ ಅಳೆದು, ಕಾಲ ಕಡಿಮೆಯಾದರೆ ಜೋರಾಗಿ, ಹೆಚ್ಚಾದರೆ ಮೆಲ್ಲಗೆ ನುಡಿಸುತ್ತದೆ. ಇದನ್ನೇ ‘ಟಚ್’ ಇರುವ ಕೀಬೋರ್ಡು ಎನ್ನುತ್ತಾರೆ.

1700ರ ಸುಮಾರಿಗೆ ಫ್ಲಾರೆನ್ಸ್ ನಗರದ ಬಾರ್ತೊಲೊಮಿಯೊ ಕ್ರಿಸ್ತೋಫೊರಿ ನಿರ್ಮಿಸಿದ ವಾದ್ಯಕ್ಕೆ ಪಿಯಾನೋ ಎಂಬ ಹೆಸರು ಬಂದುದೇ ಅದು ಮೆಲ್ಲಗೂ ಜೋರಾಗಿಯೂ ನುಡಿಯಬಲ್ಲದು ಎಂಬ ಕಾರಣದಿಂದ. ಇಟಾಲಿಯನ್ ಭಾಷೆಯಲ್ಲಿ ‘ಪಿಯಾನೋ’ ಎಂದರೆ ಮೆಲ್ಲಗೆ, ‘ಫೋರ್ಟೆ’ ಎಂದರೆ ಜೋರಾಗಿ. ಟಚ್ ಇಲ್ಲದ ಕೀಬೋರ್ಡಿನಲ್ಲಿ ಪಿಯಾನೋ ನಾದವನ್ನು ಆರಿಸಿದರೆ ಆ ಹೆಸರಿಗೆ ಕಾರಣವಾದ ಗುಣವೇ ಅಲ್ಲಿಲ್ಲ. ಆದರೆ ಅದೇ ಕೀಬೋರ್ಡಿನಲ್ಲಿ ಆರ್ಗನ್ ನಾದವನ್ನು ಆರಿಸಿ ನೋಡಿ. ದೊಡ್ಡ ಪೈಪ್ ಆರ್ಗನ್ನಿನಲ್ಲಿಯೂ ಕೀಯನ್ನು ಬಿರುಸಾಗಿ ಒತ್ತಿದ ಮಾತ್ರಕ್ಕೆ ನಾದ ದೊಡ್ಡದಾಗುವುದಿಲ್ಲ. ಒತ್ತಿರುವವರೆಗೆ ಒಂದೇ ಸಮನೆ ನುಡಿಯುತ್ತದೆ, ಬಿಟ್ಟೊಡನೆ ನಿಲ್ಲುತ್ತದೆ. ಅಂದರೆ ಈ ಬಡ ವಾದ್ಯದ ದೊಡ್ಡ ಕೊರತೆ ಆರ್ಗನ್ನಿನ ವಿಷಯದಲ್ಲಿ ಕೊರತೆಯೇ ಅಲ್ಲ! ಪಿಯಾನೋ ಎಂದು ಕರೆದಾಗ ತಡವರಿಸುವ ವಾದ್ಯ, ಆರ್ಗನ್ ಎಂದು ಕರೆದಾಗ ಮರ್ಯಾದೆಯಿಂದ ಓಗೊಡುತ್ತದೆ. ಮೇಲಾಗಿ ಪಿಯಾನೋ ನಾದ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಆರ್ಗನ್ ನಾದವಾದರೋ ಹಾಡುವವರ ಕೊನೆಯ ಅಕ್ಷರದವರೆಗೂ ಕೈಹಿಡಿದು ನಡೆಸುತ್ತದೆ. ನೂರು ಜನ ಸೇರಿ ಹಾಡುವೆಡೆ ಬೇಕಾದುದು ಅಂತಹ ನಾದವೇ.

ಇಷ್ಟರಿಂದಲೇ ಆ ಎರಡು ಪ್ರಶ್ನೆಗಳ ಉತ್ತರ ಬೇರೆಬೇರೆ ಎಂಬುದು ತಮಗೆ ಹೊಳೆದಿರಬಹುದು. ಪೂಜೆಯಲ್ಲಿ ಹಾಡಿಗೆ ಆಸರೆಯಾಗಿ ನಿಲ್ಲಲು ಟಚ್ ಇಲ್ಲದ ಕೀಬೋರ್ಡು ಸಾಲುತ್ತದೆ. ಕಲಿಯುವ ಮಗುವಿಗೆ ಸಾಲದು. ಬೆರಳಿನ ಭಾರಕ್ಕೆ ಬೆಲೆಯೇ ಇಲ್ಲದ ವಾದ್ಯದ ಮೇಲೆ ಎರಡು ವರ್ಷ ಅಭ್ಯಾಸ ಮಾಡಿದ ಮಗು ಎಲ್ಲ ಸ್ವರಗಳನ್ನೂ ಒಂದೇ ಗಾತ್ರದಲ್ಲಿ ಕುಟ್ಟುವುದನ್ನು ರೂಢಿಸಿಕೊಳ್ಳುತ್ತದೆ. ಮಾತಿನಲ್ಲಿ ಏರಿಳಿತವಿಲ್ಲದೆ ಪಾಠ ಒಪ್ಪಿಸುವ ಬಾಲಕನನ್ನು ತಾವು ಕಂಡಿದ್ದೀರಿ, ಇದೂ ಹಾಗೆಯೇ. ಎರಡು ಮೂರು ಸಾವಿರ ಹೆಚ್ಚಾದರೂ ಮಗುವಿಗೆಂದು ಕೊಳ್ಳುವಾಗ ಟಚ್ ಇರುವುದನ್ನೇ ಕೊಳ್ಳಿ, ಅಥವಾ ಇನ್ನೊಂದು ಬೆಳೆಯವರೆಗೆ ಕಾಯಿರಿ. ಕ್ಯಾಸಿಯೋ ಸಿಟಿ-ಎಸ್300 ನೋಟಕ್ಕೆ ಎಸ್200ರ ಒಡಹುಟ್ಟಿದಂತೆಯೇ ಇದ್ದರೂ ಅದರಲ್ಲಿ ಟಚ್ ಇದೆ. ಸ್ವರವನ್ನು ಮೇಲಕ್ಕೂ ಕೆಳಕ್ಕೂ ಜಾರಿಸುವ ಒಂದು ಚಕ್ರವೂ ಎಡಬದಿಗಿದೆ.

ಆ ಚಕ್ರದ ಮಾತು ಬಂದುದರಿಂದ ನಮ್ಮ ಸಂಗೀತದ ವಿಷಯವನ್ನೂ ಹೇಳಿಬಿಡುತ್ತೇನೆ. ಕೀಬೋರ್ಡು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡುತ್ತದೆ. ಒಂದು ಸ್ಥಾಯಿಯನ್ನು 1200 ಅಂಶಗಳೆಂದು ಎಣಿಸಿದರೆ, ತಂಬೂರಿಯ ನಾದದೊಳಗಿಂದ ಸಹಜವಾಗಿ ಕೇಳಿಬರುವ ಅಂತರಗಾಂಧಾರದ ಸ್ಥಾನ ಸುಮಾರು 386. ಕೀಬೋರ್ಡು ನುಡಿಸುವುದು 400ರಲ್ಲಿ. ಹದಿನಾಲ್ಕು ಅಂಶಗಳ ಈ ಅಂತರ ಪಳಗಿದ ಕಿವಿಗೆ ತಿಳಿಯುತ್ತದೆ. ಗಮಕದ ವಿಷಯದಲ್ಲಂತೂ ಅಂತರ ಹೆಚ್ಚು. ಒಂದು ಕೀಗೂ ಮುಂದಿನ ಕೀಗೂ ನಡುವೆ ದಾರಿಯೇ ಇಲ್ಲ, ಹಾರಬೇಕು. ಮೋಹನ, ಹಂಸಧ್ವನಿಯಂತಹ ರಾಗಗಳ ಚಹರೆ ಹೇಗೋ ಗುರುತಿಗೆ ಸಿಕ್ಕೀತು. ತೋಡಿಯ ಗಾಂಧಾರವನ್ನು ಈ ಕೀಗಳಲ್ಲಿ ಹುಡುಕುವುದು ವ್ಯರ್ಥ. ಚಕ್ರವನ್ನು ತಿರುಗಿಸಿ ಗಮಕ ಹಿಡಿಯುವ ವಿದ್ವಾಂಸರಿದ್ದಾರೆ, ಆದರೆ ಅದು ವರ್ಷಗಳ ಸಾಧನೆ. ಮಗುವಿಗೆ ಕರ್ನಾಟಕ ಸಂಗೀತ ಕಲಿಸುವ ಆಸೆ ಇದ್ದರೆ ಆ ಹಣವನ್ನು ಪಾಠ ಹೇಳುವ ಗುರುವಿಗೆ ಕೊಡಿ. ಶ್ರುತಿಪೆಟ್ಟಿಗೆಯೊಂದಿದ್ದರೆ ಮೊದಲ ವರ್ಷಗಳಿಗೆ ಸಾಕು.

“ಹಾಗಾದರೆ ಇದು ನಮ್ಮದಲ್ಲದ ವಾದ್ಯ” ಎಂದು ಮುಖ ತಿರುಗಿಸುವವರ ಜೊತೆ ಮಾತ್ರ ನಾನಿಲ್ಲ. ಹಾರ್ಮೋನಿಯಂ ಕೂಡ 1840ರ ದಶಕದ ಆರಂಭದಲ್ಲಿ ಪ್ಯಾರಿಸಿನ ಅಲೆಕ್ಸಾಂಡ್ರ್ ದೆಬೇನರ ಕಾರ್ಖಾನೆಯಿಂದ ಬಂದುದೇ. 1875ರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತಿ ನುಡಿಸುವಂತೆ ಮಾರ್ಪಡಿಸಿದ ಮೇಲೆ ಅದು ಭಜನೆಗೂ ನಾಟಕಕ್ಕೂ ಒಗ್ಗಿತು. ಆದರೂ ಗಮಕ ನುಡಿಸಲಾರದು, ಸ್ವರಸ್ಥಾನ ಸರಿಯಿಲ್ಲ ಎಂಬ ಇದೇ ಆಕ್ಷೇಪಗಳ ಮೇಲೆ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮಿಗೆ ಬಾಗಿಲು ಮುಚ್ಚಿತು; ಮೂರು ದಶಕಗಳ ಬಳಿಕವಷ್ಟೇ ಅದು ಸಡಿಲವಾಯಿತು. ಈ ನಡುವೆ ನಮ್ಮ ಹಳ್ಳಿಗಳ ಭಜನಾ ಮಂಡಳಿಗಳು ಹಾರ್ಮೋನಿಯಮ್ಮನ್ನು ಕೈಬಿಡಲಿಲ್ಲ ಎಂಬುದೂ ನಿಜ. ವಾದ್ಯ ಎಲ್ಲಿ ಹುಟ್ಟಿತು ಎಂಬುದು ಅಷ್ಟು ಮುಖ್ಯವಲ್ಲ. ಯಮಹಾ ಕಂಪನಿಯ ಮೂಲವೂ ಜಪಾನಿನ ಶಾಲೆಯೊಂದರಲ್ಲಿ ಕೆಟ್ಟುಹೋಗಿದ್ದ ರೀಡ್ ಆರ್ಗನ್ನನ್ನು 1887ರಲ್ಲಿ ತೊರಕುಸು ಯಮಹಾ ಎಂಬವರು ರಿಪೇರಿ ಮಾಡಿದುದರಲ್ಲಿದೆ. ಹಾರ್ಮೋನಿಯಮ್ಮಿನ ದಾಯಾದಿಯೇ ಅದು. ಕ್ಯಾಸಿಯೋ ಮಾತ್ರ ಲೆಕ್ಕ ಮಾಡುವ ಯಂತ್ರಗಳಿಂದ ಹೊರಟು 1980ರಲ್ಲಿ ಮೊದಲ ಕೀಬೋರ್ಡನ್ನು ತಂದಿತು.

ಹಾರ್ಮೋನಿಯಮ್ಮಿನೊಡನೆ ಇಟ್ಟು ನೋಡಿದರೆ ಕೀಬೋರ್ಡಿನ ಒಂದು ಗುಣ ಎದ್ದು ಕಾಣುತ್ತದೆ. ಅದೇ ಶ್ರುತಿ ಬದಲಿಸುವ ಗುಂಡಿ. ಭಾನುವಾರದ ಹಾಡನ್ನು ಮಹಿಳೆಯರು ಎತ್ತಿಕೊಂಡ ಶ್ರುತಿಗೆ ಗಂಡಸರ ದನಿ ಏರದು. ಗಂಡಸರ ಶ್ರುತಿಯಲ್ಲಿ ಮಕ್ಕಳ ದನಿ ಕೇಳಿಸದು. ನುಡಿಸುವವನು ಕಲಿತಿರುವುದು ಒಂದೇ ಮನೆಯಿಂದ. ಗುಂಡಿಯನ್ನೆರಡು ಸಲ ಒತ್ತಿದರೆ ವಾದ್ಯವೇ ಒಂದು ಸ್ವರ ಇಳಿದು ಬರುತ್ತದೆ, ಬೆರಳು ತನ್ನ ಹಳೆಯ ಜಾಗದಲ್ಲೇ ಇರುತ್ತದೆ. ಪರಿಣತರು ಇದನ್ನು ಸೋಮಾರಿತನವೆಂದು ಹಳಿಯುವುದುಂಟು. ಇದ್ದೊಬ್ಬ ವಾದಕ ಒಂಬತ್ತನೆಯ ತರಗತಿಯ ಹುಡುಗನಾಗಿರುವ ಧರ್ಮಕೇಂದ್ರದಲ್ಲಿ ಅದು ಜೀವ ಉಳಿಸುವ ಗುಂಡಿ. ಅಲ್ಲದೆ ಮಲೆನಾಡಿನ ಅಂಚಿನ ನಮ್ಮ ಮಳೆಗಾಲದಲ್ಲಿ ಹಾರ್ಮೋನಿಯಮ್ಮಿನ ರೀಡುಗಳು ತೇವ ಹಿಡಿದು ಅಪಸ್ವರ ನುಡಿಯುತ್ತವೆ, ಶ್ರುತಿ ಮಾಡುವವರನ್ನು ಹುಡುಕಿಕೊಂಡು ದೂರದ ಊರಿಗೆ ಹೊರಬೇಕು. ಕೀಬೋರ್ಡಿನ ಶ್ರುತಿ ಜುಲೈ ತಿಂಗಳಿನಲ್ಲಿಯೂ ಕೆಡದು.

ಆದರೆ ಹಾರ್ಮೋನಿಯಮ್ಮಿಗೆ ಉಸಿರಿದೆ. ತಿದಿಯೊತ್ತುವ ಕೈ ಬಳಲಿದರೆ ನಾದ ಬಳಲುತ್ತದೆ, ಹುರುಪುಗೊಂಡರೆ ನಾದವೂ ಹುರುಪುಗೊಳ್ಳುತ್ತದೆ. ನುಡಿಸುವವನು ಹಾಡುವವರ ಉಸಿರಿನೊಡನೆ ತನ್ನ ಉಸಿರನ್ನು ಹೊಂದಿಸುವುದು ಅಲ್ಲಿ ಅನಿವಾರ್ಯ. ಕರೆಂಟು ಹೋದಾಗ ಅದು ಕೇಳುವುದೂ ಇಲ್ಲ. ಹಳೆಯ ಹಾರ್ಮೋನಿಯಮ್ಮನ್ನು ಸಾಮಾನಿನ ಕೋಣೆಗೆ ಎಸೆದಿರುವ ಗಾನವೃಂದಗಳು ಅದನ್ನು ಮತ್ತೆ ಹೊರತೆಗೆದು ಒರೆಸಿಡುವುದು ಒಳ್ಳೆಯದು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಅದು ಕೀಗಳ ಬಗ್ಗೆ ಅಲ್ಲ, ‘ಸ್ಟೈಲ್’ ಅಥವಾ ‘ರಿದಮ್’ ಎಂದು ಬರೆದಿರುವ ಆ ಗುಂಡಿಯ ಬಗ್ಗೆ. ಎಡಗೈಯಿಂದ ಎರಡು ಮೂರು ಕೀಗಳನ್ನು ಒತ್ತಿ ಹಿಡಿದರೆ ಸಾಕು. ಡ್ರಮ್ಮು, ಬೇಸ್, ಗಿಟಾರು, ಪಿಟೀಲುಗಳೆಲ್ಲ ಸೇರಿ ಇಡೀ ಮೇಳವೇ ಬಾರಿಸತೊಡಗುತ್ತದೆ. ಆರಂಭಕ್ಕೊಂದು ಗುಂಡಿ, ಮುಕ್ತಾಯಕ್ಕೊಂದು ಗುಂಡಿ. ಅಂಗಡಿಯಲ್ಲಿ ವಾದ್ಯ ಮಾರಾಟವಾಗುವುದು ಬಹುಪಾಲು ಈ ಗುಂಡಿಯ ಬಲದಿಂದಲೇ, ಮನೆಯಲ್ಲಿ ಕಲಿಕೆ ನಿಲ್ಲುವುದೂ ಅದರ ಬಲದಿಂದಲೇ. ಮೂರು ತಿಂಗಳಿನಲ್ಲಿ ಮಗು “ನುಡಿಸುತ್ತದೆ”. ನೆಂಟರು ತಲೆದೂಗುತ್ತಾರೆ. ನುಡಿದುದರಲ್ಲಿ ಮಗುವಿನದು ಬಲಗೈಯ ಒಂದು ಎಳೆ, ಉಳಿದುದೆಲ್ಲ ಜಪಾನಿನ ಯಾರೋ ಎಂಜಿನಿಯರರು ಮೊದಲೇ ತುಂಬಿಟ್ಟಿದ್ದು.

ಗಾನವೃಂದದಲ್ಲಿ ಇದರ ಪರಿಣಾಮ ಇನ್ನೂ ಗಾಢ. ಯಂತ್ರಕ್ಕೆ ವೇಗವನ್ನು ಸಂಖ್ಯೆಯಲ್ಲಿ ಕೊಟ್ಟಿರುತ್ತೇವೆ, 96 ಎಂದರೆ 96. ಹಿಂದಿನ ಬೆಂಚಿನ ಅಜ್ಜಿಯರು ಚರಣದ ಕೊನೆಯನ್ನು ಎಳೆದು ನಿಲ್ಲಿಸುತ್ತಾರೆ. ಅದು ಅವರಿಗೆ ತಾಯಿಯಿಂದ ಬಂದ ಧಾಟಿ. ಡ್ರಮ್ಮು ಅವರಿಗಾಗಿ ಕಾಯುವುದಿಲ್ಲ. ಎರಡು ಭಾನುವಾರ ಅವರು ಹಿಂದೆ ಬೀಳುತ್ತಾರೆ, ಮೂರನೆಯ ಭಾನುವಾರ ಬಾಯಿ ಮುಚ್ಚಿ ಕುಳಿತುಕೊಳ್ಳುತ್ತಾರೆ. ಯಾರೂ ಅವರನ್ನು ಸುಮ್ಮನಿರಿ ಎಂದವರಿಲ್ಲ. ಕೀಬೋರ್ಡು ಬಂದ ಮೇಲೆ ಹಾಡು ಚೆನ್ನಾಗಿದೆ ಎಂದು ಎಲ್ಲರೂ ಹೇಳುವ, ಆದರೆ ಹಾಡುವವರು ಎಂಟೇ ಜನರಾಗಿಬಿಟ್ಟಿರುವ ದೇವಾಲಯಗಳನ್ನು ಕಂಡಿದ್ದೇನೆ. ಆ ಎಂಟರಲ್ಲಿ ನುಡಿಸುವ ಹುಡುಗ ಪದವಿ ಮುಗಿಸಿ ಬೆಂಗಳೂರಿಗೆ ಹೊರಟುಹೋದರೆ ವಾದ್ಯದ ಮೇಲೆ ಬಟ್ಟೆ ಹೊದಿಸುತ್ತಾರೆ. ಬರಿಗಂಟಲಿನಿಂದ ಹಾಡುವ ರೂಢಿ ತಪ್ಪಿಹೋದ ಜನ ಆಗ ದಿಕ್ಕು ತೋಚದೆ ನಿಲ್ಲುತ್ತಾರೆ.

ಭಾಷೆಯ ದೃಷ್ಟಿಯಿಂದಲೂ ಒಂದು ತೊಡಕಿದೆ. ಕನ್ನಡದ ಪದ್ಯ ನಡೆಯುವುದು ಮಾತ್ರೆಗಳ ಗಣಗಳಲ್ಲಿ. ಮೂರರ ಗಣ ಉತ್ಸಾಹದ ನಡೆ, ನಾಲ್ಕರದು ಮಂದಾನಿಲ, ಐದರದು ಲಲಿತ. ಭಾಮಿನಿ ಷಟ್ಪದಿಯಲ್ಲಿ ಮೂರು ನಾಲ್ಕು, ಮೂರು ನಾಲ್ಕು ಎಂದು ಏಳರ ಓಟ. ಈ ಬೆಲೆಯ ಕೀಬೋರ್ಡುಗಳ ತಾಳಪಟ್ಟಿಯನ್ನು ತೆರೆದು ನೋಡಿ. ಬಹುಪಾಲು ನಾಲ್ಕರ ಎಣಿಕೆಯವು, ಕೆಲವು ಮೂರರವು ಅಥವಾ ಆರರವು. ಐದರ, ಏಳರ ನಡೆ ಸಿಗುವುದು ವಿರಳ. ಹಾಗಾಗಿ ಏಳರ ನಡೆಯಲ್ಲಿ ಕಟ್ಟಿದ ಕನ್ನಡ ಗೀತೆಗೆ ನಮ್ಮ ಯುವಕರು ನಾಲ್ಕರ ಡ್ರಮ್ಮನ್ನು ತೊಡಿಸುತ್ತಾರೆ. ಒಂದು ಅಕ್ಷರವನ್ನು ಹಿಗ್ಗಿಸಿ ಎಂಟು ಮಾಡುತ್ತಾರೆ. ಹ್ರಸ್ವ ದೀರ್ಘವಾಗುತ್ತದೆ, ಮಾತು ಮುಗ್ಗರಿಸುತ್ತದೆ, ಅರ್ಥ ಜಾರುತ್ತದೆ. ವಾಚನಗಳ ನಡುವೆ ಹಾಡುವ ಕೀರ್ತನೆಗಂತೂ ಎಣಿಕೆಯ ತಾಳವೇ ಇಲ್ಲ, ಅದು ಮಾತಿನ ಉಸಿರನ್ನೇ ಅನುಸರಿಸಬೇಕಾದುದು. ಅದರ ಕೆಳಗೆ ಡ್ರಮ್ಮು ಬಾರಿಸುವುದೆಂದರೆ ಪ್ರಾರ್ಥಿಸುವವನ ಬೆನ್ನನ್ನು ತಟ್ಟುತ್ತಾ ಬೇಗ ಮುಗಿಸೆಂದು ಅವಸರಿಸಿದಂತೆ.

ಇದನ್ನು ಬರೆಯುತ್ತಿರುವುದು ಎಂತಹ ಸೀಮೆಯಲ್ಲಿ ಎಂಬುದನ್ನೂ ನೆನೆಯಬೇಕು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. ಹರಿಹರ ಕವಿಯ ರಗಳೆಯಲ್ಲಿ ಅಲ್ಲಮ ಮದ್ದಳೆ ಬಾರಿಸುವವನು. ಆ ಕೈಯ ನುಡಿತವೇ ಕಥೆಯನ್ನು ಮುಂದಕ್ಕೆ ನಡೆಸುತ್ತದೆ. ನಮ್ಮ ಜಿಲ್ಲೆಯ ಡೊಳ್ಳು ಕುಣಿತದ ತಂಡದಲ್ಲಿ ಬಾರಿಸುವವನ ಕಣ್ಣು ಸದಾ ಜೊತೆಗಾರನ ಹೆಜ್ಜೆಯ ಮೇಲಿರುತ್ತದೆ. ಊರಿನಲ್ಲಿ ತಬಲಾ, ಢೋಲಕ್ ಬಲ್ಲ ಒಂದು ಕೈ ಇದ್ದೇ ಇರುತ್ತದೆ. ಆ ಕೈಯನ್ನು ಕರೆಯದೆ ಗುಂಡಿಯನ್ನು ಒತ್ತುವುದು ನನಗೆ ಕೇವಲ ರುಚಿಯ ಪ್ರಶ್ನೆಯಾಗಿ ತೋರುವುದಿಲ್ಲ.

ಧರ್ಮಸಭೆಯ ನಿಲುವನ್ನು ಕೇಳುವವರಿದ್ದಾರೆ. ಅದು ವಾದ್ಯದಿಂದ ವಾದ್ಯಕ್ಕೆ, ಕಾಲದಿಂದ ಕಾಲಕ್ಕೆ ಬದಲಾಗುತ್ತಾ ಬಂದಿದೆ. 1903ರಲ್ಲಿ ಜಗದ್ಗುರು ಹತ್ತನೆಯ ಪಿಯುಸರು ದೇವಾಲಯದಲ್ಲಿ ಪಿಯಾನೋವನ್ನೂ ಡ್ರಮ್ಮು, ತಾಳಗಳಂತಹ ಗದ್ದಲದ ವಾದ್ಯಗಳನ್ನೂ ನಿಷೇಧಿಸಿದರು. 1958ರ ಸೆಪ್ಟೆಂಬರ್ 3ರಂದು ರೋಮಿನಿಂದ ಹೊರಟ ಸಂಗೀತ ಕುರಿತ ಸೂಚನೆಯಲ್ಲಿ ಎರಡು ಮಾತುಗಳು ನಮಗೆ ಸಂಬಂಧಿಸಿವೆ. ಪೈಪ್ ಆರ್ಗನ್ ಕೊಳ್ಳುವ ಶಕ್ತಿ ಇಲ್ಲದ ಕಡೆ ಧರ್ಮಾಧ್ಯಕ್ಷರ ಅನುಮತಿಯೊಂದಿಗೆ ವಿದ್ಯುತ್ ಆರ್ಗನ್ನನ್ನು ತಾತ್ಕಾಲಿಕವಾಗಿ ಸಹಿಸಿಕೊಳ್ಳಬಹುದು ಎಂಬುದು ಒಂದು. ತಾನಾಗಿ ನುಡಿಯುವ ಯಂತ್ರಗಳು, ಗ್ರಾಮಫೋನು, ಧ್ವನಿಸುರುಳಿ ಮುಂತಾದವುಗಳನ್ನು ಆರಾಧನೆಯಲ್ಲಿ ಬಳಸಲೇಕೂಡದು ಎಂಬುದು ಇನ್ನೊಂದು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಪೈಪ್ ಆರ್ಗನ್ನಿಗೆ ಹಿರಿಯ ಸ್ಥಾನವನ್ನಿತ್ತು, ಪವಿತ್ರ ಬಳಕೆಗೆ ಒಗ್ಗುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. 1958ರ ಸೂಚನೆಯ ಒಂದೊಂದು ವಿಧಿಯನ್ನೂ ಇಂದು ಅಕ್ಷರಶಃ ಹಿಡಿಯಬೇಕೆಂದು ನಾನು ವಾದಿಸುತ್ತಿಲ್ಲ. ಆದರೆ ಆ ಎರಡು ಮಾತುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ನಮ್ಮ ಅಗ್ಗದ ಕೀಬೋರ್ಡಿನ ಗತಿ ವಿಚಿತ್ರವಾಗಿದೆ. ಬೆರಳಿನಿಂದ ನುಡಿಸಿದಾಗ ಅದು ಮೊದಲನೆಯ ಮಾತಿನ ಬಡ ಆರ್ಗನ್. ರಿದಮ್ ಗುಂಡಿ ಒತ್ತಿದಾಗ ಎರಡನೆಯ ಮಾತಿನ ಯಂತ್ರ. ಒಂದೇ ಪೆಟ್ಟಿಗೆ!

ಆದುದರಿಂದ ಗಾನವೃಂದಕ್ಕೆ ನನ್ನ ಸಲಹೆ ಇಷ್ಟೇ: ಕೊಳ್ಳಿ, ಆದರೆ ಪೂಜೆಯಲ್ಲಿ ಆ ಗುಂಡಿಯನ್ನು ಮುಟ್ಟಬೇಡಿ. ಆರ್ಗನ್ ನಾದ, ಬೇಕೆನಿಸಿದರೆ ಪಿಟೀಲುಗಳ ನಾದ. ಬಲಗೈಯಲ್ಲಿ ಧಾಟಿ, ಎಡಗೈಯಲ್ಲಿ ಎರಡೇ ಸ್ವರಗಳ ಆಸರೆ. ಮನೆಯ ಮಗುವಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು ಬೇಡ. ತಾಳಕ್ಕೆ ಹೊಂದಿಕೊಂಡು ನುಡಿಸುವ ಖುಷಿ ಮಗುವಿಗೂ ಬೇಕು. ಪಾಠವನ್ನು ಮೊದಲು ತಾಳವಿಲ್ಲದೆ ನುಡಿಸಿ ಮುಗಿಸಿದ ಮೇಲೆ ಹತ್ತು ನಿಮಿಷ ಆಡಲಿ. ಇ273ರಲ್ಲಿ ಸ್ವರವನ್ನು ಕೇಳಿ ಗುರುತಿಸುವ ಒಂದು ರಸಪ್ರಶ್ನೆಯಾಟವಿದೆ. 143 ತಾಳಮೇಳಗಳಿಗಿಂತ ಅದು ಹೆಚ್ಚು ಬೆಲೆಯುಳ್ಳದ್ದು, ಆದರೆ ಅದನ್ನು ತೆರೆದು ನೋಡಿದ ಮನೆಗಳೇ ಕಡಿಮೆ.

ಇನ್ನು ಕೆಲವು ಲೌಕಿಕ ಸಂಗತಿಗಳು. ಈ ವಾದ್ಯಗಳ ಒಳಗಿನ ಸ್ಪೀಕರುಗಳ ಶಕ್ತಿ ಎರಡು, ಎರಡೂವರೆ ವಾಟ್ ಮಾತ್ರ. ಕೋಣೆಗೆ ಸಾಕು, ದೇವಾಲಯಕ್ಕೆ ಸಾಲದು. ಆಂಪ್ಲಿಫೈಯರಿಗೆ ಜೋಡಿಸಲು ಇರುವುದು ಹೆಡ್‌ಫೋನಿನ ಕಿಂಡಿಯೊಂದೇ. ಅದಕ್ಕೆ ವೈರು ಸಿಕ್ಕಿಸಿದೊಡನೆ ವಾದ್ಯದ ಸ್ವಂತ ಸ್ಪೀಕರು ಮೌನವಾಗುತ್ತದೆ, ಮೂಲೆಯಲ್ಲಿ ಕುಳಿತವನಿಗೆ ತಾನು ನುಡಿಸಿದ್ದು ತನಗೇ ಕೇಳಿಸದು. ಒಂದು ಸ್ಪೀಕರ್ ಪೆಟ್ಟಿಗೆಯನ್ನು ಗಾನವೃಂದದ ಕಡೆಗೂ ತಿರುಗಿಸಿಡಿ. ಮೈಕಿನ ಕಿಂಡಿಗೆ ಜೋಡಿಸುವುದಾದರೆ ವಾದ್ಯದ ವಾಲ್ಯೂಮನ್ನು ಅರ್ಧಕ್ಕಿಂತ ಕೆಳಗಿಡಿ, ಇಲ್ಲವಾದರೆ ನಾದ ಒಡೆದು ಕರಕರ ಎನ್ನುತ್ತದೆ. ಬಳಸದೆ ಬಿಟ್ಟರೆ ತಾನಾಗಿ ಆರಿಹೋಗುವ ಏರ್ಪಾಡು ಇವುಗಳಲ್ಲಿದೆ. ಇ273ರಲ್ಲಿ ಕಂಪನಿ ಇಟ್ಟಿರುವ ಅವಧಿ 30 ನಿಮಿಷ. ನಮ್ಮ ಕೆಲವರ ಪ್ರಬೋಧನೆಯ ಉದ್ದವನ್ನು ಅಳೆದೇ ಇಟ್ಟಂತಿದೆ! ಎಡತುದಿಯ ಕೀಯನ್ನು ಒತ್ತಿ ಹಿಡಿದು ವಾದ್ಯವನ್ನು ಆನ್ ಮಾಡಿದರೆ ಆ ಏರ್ಪಾಡು ರದ್ದಾಗುತ್ತದೆ.

ಕೆಡುವುದು ಹೆಚ್ಚಾಗಿ ಕೀಯ ಕೆಳಗಿನ ಆ ರಬ್ಬರಿನ ಗುಬ್ಬಿಗಳೇ. ತೇವ, ಧೂಳು, ಇರುವೆ ಸೇರಿ ಸಂಪರ್ಕ ತಪ್ಪುತ್ತದೆ. ಕೀ ಒತ್ತಿದರೂ ಸ್ವರ ಬಾರದು. ಅಷ್ಟಕ್ಕೇ ವಾದ್ಯ ಸತ್ತಿತೆಂದು ಗುಜರಿಗೆ ಹಾಕಬೇಡಿ. ಬಿಚ್ಚಿ ಸ್ಪಿರಿಟ್ಟಿನಿಂದ ಒರೆಸಬಲ್ಲ ಕೈ ಸಿಕ್ಕಿದರೆ ಬಹಳ ಸಲ ಮತ್ತೆ ನುಡಿಯುತ್ತದೆ. ಹಳೆಯದನ್ನು ಕೊಳ್ಳುವವರು 61 ಕೀಗಳನ್ನೂ ಒಂದೊಂದಾಗಿ, ಮೆಲ್ಲಗೆ, ಒತ್ತಿ ನೋಡಿಯೇ ಹಣ ಕೊಡಬೇಕು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಿ ಕಟ್ಟಿಡುವುದಕ್ಕಿಂತ ಹತ್ತಿ ಬಟ್ಟೆ ಹೊದಿಸಿ ದಿನಕ್ಕೊಮ್ಮೆ ನುಡಿಸುವುದು ಲೇಸು, ತೇವ ಒಳಗೇ ನಿಲ್ಲುವುದಿಲ್ಲ.

ಕರೆಂಟಿನ ನೆಚ್ಚಿಕೆ ಇಲ್ಲದ ನಮ್ಮ ಕಡೆ ಬ್ಯಾಟರಿಯಿಂದಲೂ ನುಡಿಯುವುದು ಈ ಅಗ್ಗದ ವಾದ್ಯಗಳ ದೊಡ್ಡ ಉಪಕಾರ. ಪೆನ್ಸಿಲ್ ಸೆಲ್ಲುಗಳು ಆರು ಸಾಕು, ತೂಕ ಮೂರು ನಾಲ್ಕು ಕಿಲೋ. ಬೈಕಿನ ಹಿಂದೆ ಕುಳಿತು ತೊಡೆಯ ಮೇಲಿಟ್ಟುಕೊಂಡು ಹಳ್ಳಿಯ ಉಪಕೇಂದ್ರಕ್ಕೂ ಒಯ್ಯಬಹುದು. ಆದರೆ ತಪಸ್ಸುಕಾಲದಲ್ಲಿ ಕೆಲವು ವಿಶೇಷ ದಿನಗಳ ಹೊರತು ವಾದ್ಯಕ್ಕೆ ಹಾಡನ್ನು ಆಧರಿಸುವಷ್ಟೇ ಅವಕಾಶ. ಪವಿತ್ರ ಗುರುವಾರದ ಮಹಿಮಾಗೀತೆ ಮುಗಿದ ಮೇಲೆ ಪಾಸ್ಖ ಜಾಗರಣೆಯ ಮಹಿಮಾಗೀತೆಯವರೆಗೂ ಇದೇ ಕಟ್ಟಳೆ. ಬಹುಪಾಲು ಕಡೆ ಆ ಎರಡು ದಿನ ವಾದ್ಯವನ್ನು ಮುಚ್ಚಿಯೇ ಇಡುತ್ತಾರೆ, ಅದು ಒಳ್ಳೆಯ ರೂಢಿ. ಶುಕ್ರವಾರ ಸಂಜೆ ಬರಿಗಂಟಲಿನಿಂದ ಹಾಡು ಎದ್ದಾಗ ತಮ್ಮ ದೇವಾಲಯದಲ್ಲಿ ಎಷ್ಟು ದನಿಗಳಿವೆ ಎಂದು ಒಮ್ಮೆ ಎಣಿಸಿ ನೋಡಿ. ಮುಚ್ಚಿಡುವ ಮುನ್ನ ಸೆಲ್ಲುಗಳನ್ನು ಹೊರತೆಗೆಯಲು ಮರೆಯಬೇಡಿ. ಒಳಗೇ ಉಳಿದರೆ ಸೋರಿ ತಗಡನ್ನು ತಿನ್ನುತ್ತವೆ.